ಕೈಗಡಿಯಾರದ ಗಾಜೂ, ಕಣ್ಣು ಕೋರೈಸುವ ಬಿಸಿಲೂ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮಲ್ಲಿ ಬಹುಪಾಲು ಜನರ ಮನೆಯ ಬೀರುವಿನಲ್ಲಿ ಹಳೆಯ ಎಚ್.ಎಂ.ಟಿ. ವಾಚೊಂದು ಇದ್ದೇ ಇರುತ್ತದೆ. ಅಪ್ಪನದೋ, ಮಾವನವರದೋ, ಎಸ್.ಎಸ್.ಎಲ್.ಸಿ. ಪಾಸಾದಾಗ ಅಜ್ಜ ಕೊಡಿಸಿದ್ದೋ. ಅದರ ಪಕ್ಕದಲ್ಲಿ ಇಲ್ಲಿಗೆ ಬಂದ ಮೇಲೆ ಕೊಂಡ ದುಬಾರಿ ವಾಚೂ ಒಂದಿರುತ್ತದೆ. ಎರಡಕ್ಕೂ ಒಂದೇ ಕಾಯಿಲೆ: ಬಿಸಿಲಿಗೆ ಹಿಡಿದರೆ ಮುಳ್ಳು ಕಾಣುವುದಿಲ್ಲ, ಆಕಾಶ ಕಾಣುತ್ತದೆ! ಈ ಕಾಯಿಲೆಗೆ ಮದ್ದು ಉಂಟು. ಕನ್ನಡಕಕ್ಕೆ ಹಾಕಿಸುವಂಥ ಆ್ಯಂಟಿ-ರಿಫ್ಲೆಕ್ಟಿವ್ ಕೋಟಿಂಗ್, ಅಂದರೆ ಪ್ರತಿಫಲನ ತಡೆಯುವ ಲೇಪನವೇ ಆ ಮದ್ದು. ಆದರೆ ನಂಬಿಕೆಯಿಂದ ಅದನ್ನು ಮಾಡಿಕೊಡುವವರು ಎಲ್ಲಿ ಸಿಗುತ್ತಾರೆ? ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಇದಕ್ಕಾಗಿ ಸಾಕಷ್ಟು ಅಲೆದಿದ್ದೇನೆ. ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಸ್ಟೆತಾಸ್ಕೋಪ್ ಹಿಡಿಯುವವನಿಗೆ ವಾಚಿನ ಗಾಜಿನ ಗೊಡವೆ ಯಾಕೆ ಎಂದು ಕೇಳಬಹುದು. ನಾಡಿ ಎಣಿಸಲು ನಮಗೆ ಸೆಕೆಂಡಿನ ಮುಳ್ಳು ಬೇಕು ಸ್ವಾಮಿ! ಎಂ.ಬಿ.ಬಿ.ಎಸ್. ಓದುವಾಗ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದದ್ದು ಅಪ್ಪನ ಎಚ್.ಎಂ.ಟಿ. ಜನತಾ ನೋಡಿಕೊಂಡೇ. ಈಗ ಸೋಂಕು ಹರಡಬಾರದೆಂದು ರೋಗಿಯನ್ನು ಮುಟ್ಟುವ ಮುನ್ನ ವಾಚು ಬಿಚ್ಚಿಡುವ ಕಾಲ. ಆದರೂ ಆಸ್ಪತ್ರೆಯಿಂದ ಹೊರಬಿದ್ದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ವಯಸ್ಸು ಐವತ್ತು ದಾಟಿದ ಮೇಲೆ ಕಣ್ಣಿನ ಮಸೂರವೂ ಮೊದಲಿನಷ್ಟು ತಿಳಿಯಾಗಿರುವುದಿಲ್ಲ. ಬೆಳಕು ಚೆದುರುತ್ತದೆ, ಮಂದ ಅಕ್ಷರಗಳು ಹಿನ್ನೆಲೆಯಲ್ಲಿ ಕರಗುತ್ತವೆ. ಹೊಳಪಿನ ತೊಂದರೆ ನನ್ನ ಮಗನಿಗಿಂತ ನನಗೇ ಹೆಚ್ಚು.

ಬೆಳಕನ್ನು ಬೆಳಕೇ ಅಳಿಸುವ ಪರಿ

1886ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಒಂದು ವಿಚಿತ್ರ ಗಮನಿಸಿದರು. ಹೊಸ ಗಾಜಿಗಿಂತ, ಹಳತಾಗಿ ಮೇಲ್ಮೈ ಮಾಸಿದ ಗಾಜು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಮಾಸಿದ ಆ ತೆಳುಪದರವೇ ಪ್ರತಿಫಲನವನ್ನು ಕಡಿಮೆ ಮಾಡುತ್ತಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ, ನಿರ್ವಾತದಲ್ಲಿ ಇಂಥ ಪದರವನ್ನು ಬೇಕೆಂದೇ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕ್ಯಾಥರೀನ್ ಬ್ಲಾಡ್ಜೆಟ್ ಎಂಬ ಮಹಿಳಾ ವಿಜ್ಞಾನಿ, ಒಂದರ ಮೇಲೊಂದು 44 ಅಣುಪದರ ಕೂರಿಸಿ ಪ್ರತಿಫಲನವೇ ಇಲ್ಲದಂಥ ಗಾಜನ್ನು ತೋರಿಸಿದರು.

ನಮ್ಮ ಸರ್ ಸಿ.ವಿ. ರಾಮನ್ ಅವರನ್ನೂ ಇಲ್ಲಿ ನೆನೆಯಬೇಕು. 1921ರಲ್ಲಿ ಹಡಗಿನಲ್ಲಿ ಮರಳುವಾಗ ಅವರು ನಿಕೋಲ್ ಪ್ರಿಸ್ಮ್ ಹಿಡಿದು ಸಮುದ್ರದ ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ. ಕಡಲಿನ ನೀಲಿ ಬರೀ ಆಕಾಶದ ಬಿಂಬ ಎಂದಿದ್ದ ರೇಲಿಯವರ ಮಾತು ಸರಿಯಲ್ಲವೆಂದು ಸಾಬೀತಾಯಿತು. ಮೇಲಿನ ಹೊಳಪು ಹೋದರೆ ಒಳಗಿನ ನಿಜ ಕಾಣುತ್ತದೆ. ವಾಚಿನ ಲೇಪನ ಮಾಡುವುದೂ ಇಷ್ಟನ್ನೇ, ದಾರಿ ಮಾತ್ರ ಬೇರೆ.

ಲೇಪನದ ಮೇಲ್ಭಾಗದಿಂದ ಒಂದಷ್ಟು ಬೆಳಕು ಹಿಂದಿರುಗುತ್ತದೆ, ತಳಭಾಗದಿಂದ ಇನ್ನೊಂದಷ್ಟು. ಪದರದ ದಪ್ಪ ಬೆಳಕಿನ ಅಲೆಯ ಕಾಲುಭಾಗದಷ್ಟಿದ್ದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಯುತ್ತವೆ. ಸಾಮಾನ್ಯವಾಗಿ ಬಳಸುವ ಮೆಗ್ನೀಷಿಯಂ ಫ್ಲೋರೈಡಿನ ಪದರಕ್ಕೆ ಈ ದಪ್ಪ ಸುಮಾರು 100 ನ್ಯಾನೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲ ಅದರ ಎಪ್ಪತ್ತು ಪಟ್ಟಿಗೂ ಹೆಚ್ಚು! ಇಷ್ಟು ನಾಜೂಕಾದ ಕೆಲಸ ಅಂಗಡಿಯ ಮೇಜಿನ ಮೇಲೆ ಬ್ರಷ್ಷಿನಿಂದ ಆಗುವಂಥದ್ದಲ್ಲ.

ನಿಮ್ಮ ವಾಚಿನ ಗಾಜು ಯಾವ ಜಾತಿಯದು?

ಮೊದಲು ತಿಳಿಯಬೇಕಾದ್ದು ಇದು. ವಾಚಿಗೆ ಬಳಸುವ ಗಾಜಿನಲ್ಲಿ ಮೂರು ಬಗೆ.

ಒಂದು, ಅಕ್ರಿಲಿಕ್. ಹೆಸರಿಗೆ ಗಾಜು, ನಿಜಕ್ಕೂ ಪ್ಲಾಸ್ಟಿಕ್. ಕೀ ಕೊಡುವ ಹಳೆಯ ಎಚ್.ಎಂ.ಟಿ. ವಾಚುಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಪ್ರತಿ ಮೇಲ್ಮೈಯಿಂದ ಶೇಕಡಾ 4ರಷ್ಟು ಬೆಳಕು ಮಾತ್ರ ಹಿಂದಿರುಗುತ್ತದೆ. ಬೇಗ ಗೀರು ಬೀಳುತ್ತದೆ, ಆದರೆ ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ.

ಎರಡು, ಮಿನರಲ್ ಗ್ಲಾಸ್. ಇದು ನಿಜವಾದ ಗಾಜು. ಪ್ರತಿಫಲನ ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಮೂರು, ಸಫೈರ್. ಕಾರ್ಖಾನೆಯಲ್ಲಿ ಬೆಳೆಸಿದ ನೀಲಮಣಿಯ ಹರಳು, ಬಣ್ಣವಿಲ್ಲದ್ದು. ಗಡಸುತನದಲ್ಲಿ ವಜ್ರ 10 ಆದರೆ ಇದು 9. ಆದರೆ ಪ್ರತಿ ಮೇಲ್ಮೈಯಿಂದ ಶೇಕಡಾ 7.7ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ದುಬಾರಿ ವಾಚೇ ಬಿಸಿಲಿನಲ್ಲಿ ಹೆಚ್ಚು ಹೊಳೆಯುವ ಗುಟ್ಟು ಇದು. ಲೇಪನದ ನಿಜವಾದ ಅಗತ್ಯ ಇದಕ್ಕೇ.

ತಮಾಷೆಯೆಂದರೆ, ಅಪ್ಪನ ಜನತಾ ವಾಚಿನ ಒಳಗಿರುವ 17 ಜುವೆಲ್‌ಗಳು ಕೃತಕ ಮಾಣಿಕ್ಯ. ಮಾಣಿಕ್ಯವೂ ನೀಲಮಣಿಯೂ ಒಂದೇ ಖನಿಜ, ಕೊರಂಡಮ್. ದುಬಾರಿ ವಾಚು ಮುಖದ ಮೇಲೆ ಮೆರೆಸುವುದನ್ನು ಬಡ ಮೇಷ್ಟರ ವಾಚು ಹೊಟ್ಟೆಯೊಳಗೆ ಸುಮ್ಮನೆ ಇಟ್ಟುಕೊಂಡಿತ್ತು.

ಗುರುತಿಸುವುದು ಸುಲಭ. ಗಾಜನ್ನು ತುಟಿಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಮಿನರಲ್ ಅಥವಾ ಸಫೈರ್, ಇಲ್ಲದಿದ್ದರೆ ಅಕ್ರಿಲಿಕ್. ಉಗುರಿನಿಂದ ತಟ್ಟಿದರೆ ಅಕ್ರಿಲಿಕ್ ಮಂದವಾಗಿ ಸದ್ದು ಮಾಡುತ್ತದೆ.

ಮೆಲ್ಬರ್ನ್‌ನಲ್ಲಿ ಒಂದು, ಸಿಡ್ನಿಯಲ್ಲಿ ಒಂದು

ಐವತ್ತನೇ ಹುಟ್ಟುಹಬ್ಬಕ್ಕೆ ನನ್ನ ಶ್ರೀಮತಿ ಕೊಡಿಸಿದ್ದು ಸಫೈರ್ ಗಾಜಿನ ವಾಚು. ಹೊರಮೈಯ ಲೇಪನ ಕಾಲಕ್ರಮೇಣ ಗೀರುಬಿದ್ದು ಚೆಕ್ಕೆಚೆಕ್ಕೆಯಾಗಿತ್ತು. ಮೆಲ್ಬರ್ನ್‌ಗೆ ಬಂಧುಗಳ ಮನೆಗೆ ಹೋದಾಗ ಒಂದು ಅಂಗಡಿಯವರು, "ಕಂಪನಿಯಿಂದ ಬಂದ ಹಾಗೇ ಮಾಡಿಕೊಡುತ್ತೇವೆ, ಎರಡೇ ವಾರ" ಎಂದರು. ಎರಡು ವಾರ ಮೂರು ತಿಂಗಳಾಯಿತು. ವಾಚು ಬಂದಾಗ ಗಾಜಿನ ಒಳಗಡೆ ಒಂದು ಧೂಳಿನ ಕಣ, ಅಂಚಿನಲ್ಲಿ ಬೆರಳಚ್ಚು! ಲೇಪನ ಎಲ್ಲಿ ಮಾಡಿಸಿದಿರಿ ಎಂದರೆ ಉತ್ತರವಿಲ್ಲ.

ಅಲ್ಲಿಂದ ವಿಚಾರಿಸುತ್ತಾ ಹೋದಾಗ ಒಳಗಿನ ವ್ಯವಹಾರ ತಿಳಿಯಿತು. ವಾಚು ರಿಪೇರಿ ಅಂಗಡಿಗಳು ಸಾಮಾನ್ಯವಾಗಿ ತಾವೇ ಲೇಪನ ಮಾಡುವುದಿಲ್ಲ. ಗಾಜನ್ನು ತೆಗೆದು ನಿರ್ವಾತ ಯಂತ್ರವಿರುವ ಆಪ್ಟಿಕಲ್ ಸಂಸ್ಥೆಗೆ ಕಳಿಸುತ್ತಾರೆ. ನಮ್ಮ ಸಿಡ್ನಿಯ ಲಿಂಡ್‌ಫೀಲ್ಡ್‌ನಲ್ಲಿದ್ದ ಸಿ.ಎಸ್.ಐ.ಆರ್.ಓ. ಪ್ರಯೋಗಾಲಯ, ಗುರುತ್ವ ಅಲೆಗಳನ್ನು 2015ರಲ್ಲಿ ಹಿಡಿದ ಲೈಗೋ ಯೋಜನೆಯ ಕನ್ನಡಿಗಳಿಗೇ ಲೇಪನ ಮಾಡಿತ್ತು. ಅಂದರೆ ವಿದ್ಯೆ ಈ ದೇಶಕ್ಕೆ ಹೊಸದಲ್ಲ. ತೊಡಕಿರುವುದು ಲೆಕ್ಕಾಚಾರದಲ್ಲಿ. ಒಂದೇ ಒಂದು ಗಾಜಿಗಾಗಿ ಯಂತ್ರ ಶುಚಿಮಾಡಿ, ಗಾಳಿ ಹೀರಿ, ಕಾಯಿಸಿ, ತಣಿಸಿದರೆ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಹತ್ತಾರು ಗಾಜು ಸೇರುವವರೆಗೆ ಕಾಯಿಸುತ್ತಾರೆ. ಕನ್ನಡಕದ ಅಂಗಡಿಯವರನ್ನು ಕೇಳಿಯೂ ಫಲವಿಲ್ಲ. ಅವರ ಯಂತ್ರದ ಹಿಡಿಕೆಗಳು ಕನ್ನಡಕದ ದೊಡ್ಡ ಪ್ಲಾಸ್ಟಿಕ್ ಮಸೂರಗಳಿಗೆಂದೇ ಮಾಡಿದವು.

ಅಪ್ಪನ ಜನತಾ ಹಿಡಿದು ಹೋದದ್ದು ಸಿಡ್ನಿಯ ಒಬ್ಬ ವಯಸ್ಸಾದ ವಾಚು ರಿಪೇರಿಯವರ ಬಳಿ. ಮಗನ ಆಸೆ, "ಅಪ್ಪಾ, ತಾತನ ವಾಚಿಗೂ ಸಫೈರ್ ಹಾಕಿಸಿ, ಕೋಟಿಂಗ್ ಮಾಡಿಸೋಣ" ಎಂದು. ಆ ಹಿರಿಯರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೋಡಿ, "ಇದಕ್ಕೆ ಲೇಪನ ಮಾಡಿಸಬೇಡಿ, ಯಾರಾದರೂ ಮಾಡುತ್ತೇನೆಂದರೂ ಕೊಡಬೇಡಿ" ಎಂದರು. ಕಾರಣವನ್ನೂ ಹೇಳಿದರು. ಗಟ್ಟಿ ಲೇಪನಕ್ಕೆ 300 ಡಿಗ್ರಿಯ ಆಸುಪಾಸಿನ ಶಾಖ ಬೇಕು, ಅಕ್ರಿಲಿಕ್ 100 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ. ತಣ್ಣಗಿನ ವಿಧಾನವಿದ್ದರೂ, ಈ ಗಾಜನ್ನು ಅದುಮಿ ಕಿರಿದು ಮಾಡಿ ಕೂರಿಸಬೇಕಾದ್ದರಿಂದ ಮೇಲಿನ ಗಡಸು ಪದರ ಬಿರುಕು ಬಿಡುತ್ತದೆ. ಇನ್ನು ಸಫೈರ್ ಕೂರಿಸಬೇಕಾದರೆ ಕೇಸನ್ನೇ ಕೊರೆಯಬೇಕಾಗಬಹುದು. "ಒಮ್ಮೆ ಕೊರೆದ ಮೇಲೆ ಇದು ನಿಮ್ಮ ತಂದೆಯ ವಾಚಾಗಿ ಉಳಿಯುವುದಿಲ್ಲ" ಎಂದರು. ಕೊನೆಗೆ ಹೊಸ ಅಕ್ರಿಲಿಕ್ ಗಾಜು ಕೂರಿಸಿ, ಹಳೆಯ ಗಾಜನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿಕೊಟ್ಟರು.

ಶಸ್ತ್ರಚಿಕಿತ್ಸೆ ಬೇಡವೆನ್ನುವ ಸರ್ಜನ್ನನ್ನು ನಾನು ಹೆಚ್ಚು ನಂಬುತ್ತೇನೆ. ನನ್ನ ಸಫೈರ್ ವಾಚನ್ನೂ ಅವರಿಗೇ ಕೊಟ್ಟೆ. ಅವರು ಹಳೆಯ ಗಾಜಿಗೆ ಮತ್ತೆ ಲೇಪನ ಮಾಡಿಸುವ ಬದಲು, ಒಳಮೈಗೆ ಮಾತ್ರ ಲೇಪನವಿರುವ ಸಿದ್ಧ ಸಫೈರ್ ಗಾಜನ್ನು ಅಳತೆ ನೋಡಿ ತರಿಸಿ ಹಾಕಿದರು. ಒಳಮೈಗೆ ಗೀರು ಬೀಳುವ ಭಯವಿಲ್ಲ, ಹೊಳಪು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಅಷ್ಟು ಸಾಕು.

ಕೊಡುವ ಮುನ್ನ ಕೇಳಿ

ಸಿಡ್ನಿಯ ಜಾರ್ಜ್ ಸ್ಟ್ರೀಟಿನ ಡಿಮಾಕ್ಸ್ ಬಿಲ್ಡಿಂಗ್, ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಸ್ಟ್ರೀಟಿನ ಸೆಂಚುರಿ ಬಿಲ್ಡಿಂಗ್ ಮುಂತಾದ ಹಳೆಯ ಕಟ್ಟಡಗಳ ಮೇಲಂತಸ್ತುಗಳಲ್ಲಿ ಒಡವೆ, ವಾಚಿನ ಕುಶಲಕರ್ಮಿಗಳು ಇದ್ದಾರೆ. ವಾಚ್ ಅಂಡ್ ಕ್ಲಾಕ್‌ಮೇಕರ್ಸ್ ಆಫ್ ಆಸ್ಟ್ರೇಲಿಯಾ ಎಂಬ ವೃತ್ತಿಸಂಘವೂ ಇದೆ. ಎಲ್ಲಿಗೇ ಹೋದರೂ ಈ ಪ್ರಶ್ನೆ ಕೇಳಿ:

1. ನನ್ನ ಗಾಜು ಯಾವುದು? ಇದಕ್ಕೆ ಲೇಪನ ಬೇಕೇ?
2. ಲೇಪನ ಮಾಡುವವರು ಯಾರು? ಗಾಜೊಂದೇ ಹೋಗುತ್ತದೋ, ವಾಚೂ ಹೋಗುತ್ತದೋ? (ಗಾಜು ಮಾತ್ರ ಹೋಗಬೇಕು.)
3. ಒಳಮೈಗೋ, ಎರಡೂ ಕಡೆಗೋ? ಹೊರಗಿನ ಲೇಪನ ಸಫೈರಿನಷ್ಟು ಗಡಸಲ್ಲ.
4. ತೆಗೆಯುವಾಗ ಗಾಜಿನ ಅಂಚು ಮುಕ್ಕಾದರೆ ಹೊಣೆ ಯಾರದು? ಬರೆದುಕೊಡುತ್ತೀರಾ?
5. ಗ್ಯಾಸ್ಕೆಟ್ ಬದಲಿಸಿ, ನೀರು ಹೋಗದಂತೆ ಪ್ರೆಶರ್ ಟೆಸ್ಟ್ ಮಾಡುತ್ತೀರಾ?
6. ಹಳೆಯ ಗಾಜು, ಬಿಡಿಭಾಗ ವಾಪಸು ಕೊಡುತ್ತೀರಾ?

ಕೊಡುವ ಮುನ್ನ ಎಲ್ಲ ಬದಿಯಿಂದಲೂ ಫೋಟೋ ತೆಗೆದಿಡಿ. 2011ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಪ್ರಕಾರ ಯಾವುದೇ ಸೇವೆಯನ್ನು ತಕ್ಕ ಎಚ್ಚರಿಕೆ, ಕುಶಲತೆಯಿಂದ ಮಾಡಿಕೊಡಬೇಕು. ತಕರಾರು ಬಂದರೆ ಸಿಡ್ನಿಯವರಿಗೆ ಎನ್.ಎಸ್.ಡಬ್ಲ್ಯೂ. ಫೇರ್ ಟ್ರೇಡಿಂಗ್, ಮೆಲ್ಬರ್ನ್‌ನವರಿಗೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ ಇವೆ.

ಉಳಿದಿರುವುದನ್ನು ಉಳಿಸಿಕೊಳ್ಳೋಣ

ಬೆಂಗಳೂರಿನ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ತಯಾರಿಕೆಗೆ ಕೈಹಾಕಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕಣ್ಣಿಲ್ಲದವರಿಗೆಂದು ಗಾಜು ಎತ್ತಿ ಮುಳ್ಳು ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಅದು ಮಾಡಿತು. ಹೊಳಪಿನ ಗೊಡವೆಯೇ ಇಲ್ಲದ ವಾಚು ಅದೊಂದೇ ಇರಬೇಕು! 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್.ಎಂ.ಟಿ. ಹೆರಿಟೇಜ್ ಸೆಂಟರ್‌ನಲ್ಲಿ ಆ ಕಥೆಯನ್ನು ನೋಡಬಹುದು. ಊರಿಗೆ ಹೋದಾಗ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಒಂದು ಮಧ್ಯಾಹ್ನ ಉಳಿಸಿ ಅಲ್ಲಿಗೆ ಹೋಗಿ ಬನ್ನಿ.

ಈ ಹಬ್ಬಕ್ಕೆ ಬೀರುವಿನಲ್ಲಿರುವ ಆ ಹಳೆಯ ವಾಚನ್ನು ಹೊರತೆಗೆಯಿರಿ. ಎಣ್ಣೆ ಒಣಗಿರಬಹುದು, ಸರ್ವಿಸ್ ಮಾಡಿಸಿ. ಗಾಜು ಪಾಲಿಶ್ ಮಾಡಿಸಿ, ಒಡೆದಿದ್ದರೆ ಅದೇ ಜಾತಿಯ ಗಾಜು ಹಾಕಿಸಿ. ಸಫೈರ್ ಇದ್ದರೆ ಮಾತ್ರ ಲೇಪನದ ಯೋಚನೆ ಮಾಡಿ. ಆಮೇಲೆ ಕೀ ಕೊಟ್ಟು ಮಕ್ಕಳ ಕಿವಿಯ ಹತ್ತಿರ ಹಿಡಿಯಿರಿ. ಅವರ ತಾತ ಕೇಳಿದ ಟಿಕ್ ಟಿಕ್ ಅವರೂ ಕೇಳಲಿ. ಎಲ್ಲರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು.