ಸೋತ ಸೇನಾಪತಿ ಎಲ್ಲಿಗೆ ಹೋದ?

ಸಮಾಜ ಪಾಠದಲ್ಲಿ 1917ರ ರಷ್ಯಾ ಕ್ರಾಂತಿ ಓದಿದ್ದೇವೆ. ಲೆನಿನ್ ಗೆದ್ದ ಅಂತ ಬರೆದು ಪಾಠ ಮುಗಿದುಹೋಗುತ್ತೆ. ಸೋತವರು ಏನಾದರು?

ಕ್ರಾಂತಿಯ ನಂತರ ರಷ್ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿದರು. ಲೆನಿನ್ ಕಡೆಯದು ಕೆಂಪು ಸೈನ್ಯ, ವಿರೋಧಿಗಳದು ಬಿಳಿ ಸೈನ್ಯ. ದಕ್ಷಿಣದ ಬಿಳಿ ಸೈನ್ಯಕ್ಕೆ ಮುಖ್ಯಸ್ಥ ಜನರಲ್ ಆಂತೋನ್ ದೆನಿಕಿನ್. ಇವನು ದೊಡ್ಡ ಮನೆತನದವನು ಅಂದ್ಕೋಬೇಡಿ. ಇವನಪ್ಪ ಜೀತದಾಳಾಗಿದ್ದು, ಸೈನ್ಯಕ್ಕೆ ಸೇರಿ ಅಧಿಕಾರಿಯಾದವನು. 1919ರ ಅಕ್ಟೋಬರಿನಲ್ಲಿ ದೆನಿಕಿನ್ ಸೈನ್ಯ ಮಾಸ್ಕೋದಿಂದ ಸುಮಾರು 350 ಕಿ.ಮೀ. ದೂರದ ಓರ್ಯೋಲ್ ಊರನ್ನು ಹಿಡಿಯಿತು. ಆಮೇಲೆ ಬರೀ ಸೋಲೇ. ಇವನ ಕಡೆಯವರು ಒಳ್ಳೆಯವರು ಅಂತ ಹೇಳಕ್ಕಾಗಲ್ಲ. ಯುಕ್ರೇನಿನಲ್ಲಿ ಸಾವಿರಾರು ಯಹೂದಿಗಳನ್ನು ಕೊಂದರು. ಸೇನಾಪತಿಯಾಗಿ ಇವನು ಅದನ್ನು ನಿಲ್ಲಿಸಲಿಲ್ಲ.

1920ರ ಏಪ್ರಿಲಿನಲ್ಲಿ ಅಧಿಕಾರವನ್ನು ಇನ್ನೊಬ್ಬ ಜನರಲ್‌ಗೆ ಒಪ್ಪಿಸಿ ಹಡಗು ಹತ್ತಿದ. ಬದುಕಿರುವವರೆಗೆ ಮತ್ತೆ ದೇಶ ನೋಡಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇಳಿದರೆ, ಜೊತೆಗೆ ಬಂದ ಜನರಲ್ ರೊಮಾನೋವ್ಸ್ಕಿಯನ್ನು ರಷ್ಯಾದ ರಾಯಭಾರ ಕಚೇರಿಯೊಳಗೇ ಗುಂಡಿಕ್ಕಿ ಕೊಂದರು. ಕೊಂದವನು ಕೆಂಪು ಸೈನ್ಯದವನೂ ಅಲ್ಲ, ಇವರದೇ ಕಡೆಯವನು!

ಅಲ್ಲಿಂದ ಇಂಗ್ಲೆಂಡು, ಬೆಲ್ಜಿಯಂ, ಹಂಗೇರಿ, 1926ರಿಂದ ಫ್ರಾನ್ಸ್. ಸಾವಿರಾರು ಸೈನಿಕರಿಗೆ ಹುಕುಂ ಕೊಟ್ಟವನು ಪುಸ್ತಕ ಬರೆದು, ಭಾಷಣ ಮಾಡಿ ಬಡತನದಲ್ಲಿ ಸಂಸಾರ ನಡೆಸಿದ. ತಾನು ಸೋತ ಯುದ್ಧದ ಇತಿಹಾಸವನ್ನೇ ಐದು ಸಂಪುಟ ಬರೆದ.

ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ಸಂಗತಿ. 1940ರಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದರು. 1941ರ ಜೂನಿನಲ್ಲಿ ಹಿಟ್ಲರ್ ರಷ್ಯಾದ ಮೇಲೂ ದಾಳಿ ಮಾಡಿದ. ಶತ್ರುವಿನ ಶತ್ರು ಮಿತ್ರ ಅಂತಾರಲ್ಲ, ಹಾಗೆ ಕ್ರಾಸ್ನೋವ್ ಎಂಬ ಇನ್ನೊಬ್ಬ ಬಿಳಿ ಜನರಲ್ ಹಿಟ್ಲರನ ಕಡೆ ಸೇರಿದ. ಸೋವಿಯತ್ ಸರ್ಕಾರ 1947ರಲ್ಲಿ ಅವನನ್ನು ಗಲ್ಲಿಗೇರಿಸಿತು. ದೆನಿಕಿನ್ ಆಗ ಫ್ರಾನ್ಸಿನ ಮಿಮಿಜಾನ್ ಎಂಬ ಸಣ್ಣ ಊರಿನಲ್ಲಿದ್ದ. ಜರ್ಮನರು ಅವನ ಹೆಂಡತಿಯನ್ನು ಕೆಲವು ದಿನ ಬಂಧನದಲ್ಲಿಟ್ಟರು. ಬರ್ಲಿನ್‌ಗೆ ಬಾ ಅಂತ ಇವನನ್ನು ಕರೆದರು. ಇವನು ಹೋಗಲಿಲ್ಲ. ಕಮ್ಯುನಿಸ್ಟರ ಮೇಲಿನ ಸಿಟ್ಟು ಅವನಿಗೆ ಸಾಯೋತನಕ ಇತ್ತು, ಆದರೆ ಪರದೇಶದವರು ಬಂದು ರಷ್ಯಾ ಜನರನ್ನು ಕೊಲ್ಲುವುದಕ್ಕೆ ಅವನು ಕೈಜೋಡಿಸಲಿಲ್ಲ. ಅದರಿಂದ ಅವನಿಗೆ ಲಾಭ ಏನೂ ಆಗಲಿಲ್ಲ. ರಷ್ಯಾ ಗೆದ್ದಿತು, ಆದರೂ ಇವನು ಅಲ್ಲಿಗೆ ಹೋಗುವ ಹಾಗಿರಲಿಲ್ಲ.

1945ರಲ್ಲಿ ಅಮೆರಿಕಕ್ಕೆ ಹೋದ. 1947ರ ಆಗಸ್ಟ್ 7ರಂದು ಹೃದಯಾಘಾತದಿಂದ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. 2005ರ ಅಕ್ಟೋಬರಿನಲ್ಲಿ ಅವನ ಅಸ್ಥಿಯನ್ನು ಮಾಸ್ಕೋಗೆ ತಂದು ದೋನ್ಸ್ಕೋಯ್ ಮಠದಲ್ಲಿ ಹೂಳಿದರು. ದೇಶ ಬಿಟ್ಟಾಗ ಒಂದು ವರ್ಷದ ಕೂಸಾಗಿದ್ದ ಮಗಳು ಮರೀನಾಗೆ ಆಗ 86 ವರ್ಷ. ಅಪ್ಪನ ಜೊತೆ ಅವಳೂ ಮಾಸ್ಕೋಗೆ ಬಂದಿದ್ದಳು.