ಚಿಪ್ಪು ಅಣಬೆ: ಕೃಷಿ ತ್ಯಾಜ್ಯದಿಂದ ಔಷಧೀಯ ಸಾರದವರೆಗೆ

ಕೃಷಿ ತ್ಯಾಜ್ಯದ ಮೇಲೆ ಚಿಪ್ಪು ಅಣಬೆ ಬೆಳೆಯುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಬಾನೊ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ಭತ್ತದ ಹುಲ್ಲಿನ ಮೇಲೆ ಇದನ್ನು ಬೆಳೆಸುವ ಕ್ರಮವನ್ನು 1962ರಲ್ಲಿಯೇ ಪ್ರಕಟಿಸಿದ್ದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆ ಬೀಜವನ್ನೂ ತರಬೇತಿಯನ್ನೂ ಒದಗಿಸುತ್ತ ಬಂದಿದೆ. ಬೆಳೆಯುವುದು ಕಷ್ಟವಲ್ಲ, ಮಾರುವುದೇ ಕಷ್ಟ. ಕೊಯ್ದ ಅಣಬೆಯು ಶೀತಲೀಕರಣವಿಲ್ಲದೆ ಒಂದೆರಡು ದಿನಗಳಿಗಿಂತ ಹೆಚ್ಚು ತಾಳದು. ಆದುದರಿಂದಲೇ ಅದನ್ನು ಒಣಗಿಸಿ, ಅದರಲ್ಲಿರುವ ಔಷಧೀಯ ಸಂಯುಕ್ತಗಳನ್ನು ಸಾರರೂಪದಲ್ಲಿ ಪಡೆದು ಪೂರಕ ಆಹಾರ ತಯಾರಕರಿಗೆ ಒದಗಿಸುವ ಆಲೋಚನೆಯು ಸಣ್ಣ ಉದ್ದಿಮೆದಾರರನ್ನು ಸೆಳೆಯುತ್ತದೆ. ಈ ಮಾರ್ಗದಲ್ಲಿ ಲಾಭದ ಅವಕಾಶವಿರುವಂತೆಯೇ ಕೈ ಸುಟ್ಟುಕೊಳ್ಳುವ ಸಂದರ್ಭಗಳೂ ಉಂಟು.

ಚಿಪ್ಪು ಅಣಬೆಯು ಪ್ರಕೃತಿಯಲ್ಲಿ ಸತ್ತ ಮರದ ಮೇಲೆ ಬೆಳೆಯುವ ಶಿಲೀಂಧ್ರ. ಲ್ಯಾಕೇಸ್ ಮುಂತಾದ ಕಿಣ್ವಗಳನ್ನು ಹೊರಸೂಸಿ, ಬಹುಪಾಲು ಜೀವಿಗಳು ಮುಟ್ಟಲಾರದ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವನ್ನು ಅದು ಒಡೆಯುತ್ತದೆ. ಭತ್ತ ಮತ್ತು ರಾಗಿಯ ಹುಲ್ಲು, ಮೆಕ್ಕೆಜೋಳದ ದಿಂಡು, ಹತ್ತಿಯ ಕಡ್ಡಿ, ಕಬ್ಬಿನ ಸಿಪ್ಪೆ, ಅಡಿಕೆ ಸಿಪ್ಪೆ ಇವೆಲ್ಲವೂ ಅದಕ್ಕೆ ಒಗ್ಗುತ್ತವೆ. ತೆಂಗಿನ ನಾರಿನ ಪುಡಿಯನ್ನು ಗೊಬ್ಬರವಾಗಿಸಲು ಕಾಯರ್ ಬೋರ್ಡ್ ನೀಡುವ ‘ಪಿತ್ ಪ್ಲಸ್’ ಕೂಡ ಇದೇ ಜಾತಿಯ ಶಿಲೀಂಧ್ರವೇ. ಕಾಫಿ ಸಿಪ್ಪೆಯ ಮೇಲೂ ಬೆಳೆ ಬರುತ್ತದೆ. ಆದರೆ ಅದರಲ್ಲಿನ ಕೆಫೀನಿನ ಸ್ವಲ್ಪ ಅಂಶವು ಅಣಬೆಗೂ ಸೇರುವುದು ಕಂಡುಬಂದಿರುವುದರಿಂದ, ಸಾರ ತಯಾರಿಕೆಗೆ ಅದನ್ನು ಆರಿಸಿಕೊಳ್ಳುವವರು ಮೊದಲು ಪರೀಕ್ಷೆ ಮಾಡಿಸುವುದು ಲೇಸು.

ಗ್ರಾಹಕರು ಕೇಳುವ ಸಂಯುಕ್ತಗಳು ಮುಖ್ಯವಾಗಿ ಮೂರು. ಕೋಶಭಿತ್ತಿಯಲ್ಲಿರುವ ಬೀಟಾ ಗ್ಲೂಕಾನ್ ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುವ ಗುಣಕ್ಕಾಗಿ ಅಧ್ಯಯನಕ್ಕೊಳಗಾಗಿದೆ; ‘ಪ್ಲ್ಯೂರಾನ್’ ಎಂಬ ಹೆಸರಿನ ಇದರ ಒಂದು ರೂಪವು ಸ್ಲೊವಾಕಿಯಾದಲ್ಲಿ ಪೂರಕ ಆಹಾರವಾಗಿ ಮಾರುಕಟ್ಟೆ ಕಂಡಿದೆ. ಎರಡನೆಯದು ಎರ್ಗೊಥಯೋನೀನ್ ಎಂಬ ಉತ್ಕರ್ಷಣ ನಿರೋಧಕ. ಮೂರನೆಯದು, ಕೊಲೆಸ್ಟರಾಲ್ ತಗ್ಗಿಸುವ ಲೋವಾಸ್ಟಾಟಿನ್. ಇದರ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಚಿಪ್ಪು ಅಣಬೆಯಲ್ಲಿ ಲೋವಾಸ್ಟಾಟಿನ್ ಇರುವುದು ನಿಜವಾದರೂ ಅದರ ಪ್ರಮಾಣವು ತಳಿ, ಬೆಳೆಸುವ ಮಾಧ್ಯಮ ಮತ್ತು ಕೊಯ್ಲಿನ ಹಂತಕ್ಕೆ ತಕ್ಕಂತೆ ಬದಲಾಗುತ್ತದೆ. ಔಷಧ ಕಂಪೆನಿಗಳು ಇದನ್ನು ಅಣಬೆಯಿಂದ ಪಡೆಯುವುದಿಲ್ಲ. ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟಿನ ಹುದುಗುವಿಕೆಯಿಂದ ಪಡೆಯುತ್ತವೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2001ರಲ್ಲಿ ಲೋವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ಪಡೆದಿತ್ತು. ಆ ಮಾರುಕಟ್ಟೆಯಲ್ಲಿ ಅಣಬೆಯ ಸಾರವು ಸ್ಪರ್ಧಿಸಲಾರದು. ಮೇಲಾಗಿ ಲೋವಾಸ್ಟಾಟಿನ್ ವೈದ್ಯರ ಚೀಟಿಯ ಮೇಲೆ ನೀಡಬೇಕಾದ ಔಷಧ. ಅದರ ಹೆಸರು ಹೇಳಿ ಆಹಾರದ ಪುಡಿಯನ್ನು ಮಾರಹೊರಡುವುದು ವಿವೇಕವಲ್ಲ.

ಇನ್ನು ಇಳುವರಿಯ ಲೆಕ್ಕ. ಒಣ ಹುಲ್ಲಿನ ತೂಕಕ್ಕೆ ಹೋಲಿಸಿ ಶೇಕಡಾ 60ರಷ್ಟು ಹಸಿ ಅಣಬೆ ದೊರೆತರೆ, 100 ಕಿಲೋ ಹುಲ್ಲಿಗೆ 60 ಕಿಲೋ ಅಣಬೆ ಆಯಿತು. ಅದರಲ್ಲಿ ಶೇಕಡಾ 90ರಷ್ಟು ನೀರೇ ಆದುದರಿಂದ ಒಣಗಿದ ಮೇಲೆ ಉಳಿಯುವುದು ಸುಮಾರು 6 ಕಿಲೋ. ಸಾರವು ಅದರಲ್ಲಿ ಇನ್ನೊಂದು ಭಾಗ ಮಾತ್ರ. ಹಸಿ ಅಣಬೆಯ ದರವನ್ನು 10ರಿಂದ ಗುಣಿಸಿ, ಒಣಗಿಸುವ ಖರ್ಚು ಸೇರಿಸಿ, ಆ ಮೊತ್ತವನ್ನು ಖರೀದಿದಾರನು ಕೊಡುವನೇ ಎಂದು ಮೊದಲೇ ವಿಚಾರಿಸದೆ ಯಂತ್ರೋಪಕರಣ ಕೊಳ್ಳುವವರು ಕಡಿಮೆಯೇನಿಲ್ಲ.

ಆದರೆ ಈ ವ್ಯವಹಾರದ ನಿಜವಾದ ತೊಡಕು ಹುಲ್ಲನ್ನು ಶುದ್ಧಗೊಳಿಸುವ ಹಂತದಲ್ಲಿಯೇ ಇದೆ. ಸೌದೆಯ ಖರ್ಚು ಉಳಿಸಲು ಅನೇಕ ಬೆಳೆಗಾರರು 100 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್ ಮತ್ತು 125 ಮಿಲಿಲೀಟರ್ ಫಾರ್ಮಾಲಿನ್ ಬೆರೆಸಿ ಹುಲ್ಲನ್ನು ಸುಮಾರು 18 ಗಂಟೆ ನೆನೆಸುತ್ತಾರೆ. ಇದು ಅಗ್ಗವಾದ, ರೂಢಿಯಲ್ಲಿರುವ ಕ್ರಮ. ಔಷಧೀಯ ಸಾರಕ್ಕೆ ಮಾತ್ರ ಇದು ಸಲ್ಲದು. ಹಸಿ ಅಣಬೆಯಲ್ಲಿ ಲೇಶಮಾತ್ರ ಉಳಿದ ಶಿಲೀಂಧ್ರನಾಶಕವು ನೀರು ಆರಿದಾಗಲೇ ಹತ್ತು ಪಟ್ಟು ಸಾಂದ್ರವಾಗಬಲ್ಲದು. ಸಾರ ತೆಗೆದಾಗ ಮತ್ತಷ್ಟು ಹೆಚ್ಚಬಹುದು. ಅಣಬೆಗಳು ಕ್ಯಾಡ್ಮಿಯಂನಂತಹ ಭಾರ ಲೋಹಗಳನ್ನೂ ಮಾಧ್ಯಮದಿಂದ ಹೀರುತ್ತವೆ. ಆದುದರಿಂದ ಬಿಸಿನೀರು ಅಥವಾ ಹಬೆಯಿಂದಲೇ ಹುಲ್ಲನ್ನು ಶುದ್ಧಗೊಳಿಸಬೇಕು. ಅಣಬೆಯನ್ನು ಹೊರಗಿನಿಂದ ಕೊಳ್ಳುವ ತಯಾರಕರು ಬೆಳೆಗಾರನೊಡನೆ ಈ ಷರತ್ತನ್ನು ಲಿಖಿತವಾಗಿ ಮಾಡಿಕೊಳ್ಳುವುದು ಅವಶ್ಯ. ಬಾಯಿಮಾತಿನ ಭರವಸೆಯು ಪ್ರಯೋಗಾಲಯದ ವರದಿಯ ಮುಂದೆ ನಿಲ್ಲದು.

ಬೀಟಾ ಗ್ಲೂಕಾನನ್ನು ಸಾಮಾನ್ಯವಾಗಿ ಬಿಸಿನೀರಿನಲ್ಲಿ ಕುದಿಸಿ ಸೋಸಿ, ಮದ್ಯಸಾರ ಬೆರೆಸಿ ಪ್ರತ್ಯೇಕಿಸುತ್ತಾರೆ. ಮದ್ಯಸಾರದ ಬಳಕೆಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕಾಗುವುದರಿಂದ ಚಿಕ್ಕ ಘಟಕಗಳು ನೀರಿನ ಸಾರವನ್ನೇ ಒಣಗಿಸಿ ಮಾರುವುದು ಸುಲಭ. ಇಲ್ಲಿ ವರ್ತಕರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಧಾನ್ಯದ ಮೇಲೆ ಅಣಬೆಯ ಬಿಳಿ ಎಳೆಗಳನ್ನು ಬೆಳೆಸಿ, ಧಾನ್ಯಸಹಿತ ಪುಡಿ ಮಾಡಿದ ಸರಕೂ ಅಣಬೆ ಪುಡಿಯೆಂದೇ ಮಾರಾಟವಾಗುತ್ತದೆ. ಅದರ ವರದಿಯಲ್ಲಿ ‘ಒಟ್ಟು ಪಾಲಿಸ್ಯಾಕರೈಡ್’ ಎಂಬ ಅಂಕಿ ದೊಡ್ಡದಾಗಿರುತ್ತದೆ. ಆದರೆ ಅದರಲ್ಲಿ ಬಹುಭಾಗ ಧಾನ್ಯದ ಪಿಷ್ಟವೇ ಆಗಿರಬಹುದು. ಬೀಟಾ ಗ್ಲೂಕಾನ್ ಮತ್ತು ಪಿಷ್ಟವನ್ನು ಬೇರೆ ಬೇರೆಯಾಗಿ ಅಳೆದ ವರದಿಯನ್ನೇ ಕೇಳಬೇಕು.

ಕಾನೂನಿನ ದೃಷ್ಟಿಯಿಂದ ಇಂತಹ ಸರಕು ಔಷಧವಲ್ಲ, ಆಹಾರ. ಪೂರಕ ಆಹಾರಗಳಿಗೆ 2016ರ ನಿಯಮಾವಳಿ ಅನ್ವಯಿಸುತ್ತದೆ. ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಚೀಟಿಯ ಮೇಲೆ ಎದ್ದು ಕಾಣಬೇಕು. ಬಳಸುವ ಘಟಕಾಂಶವು ನಿಯಮಾವಳಿಯ ಅನುಸೂಚಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗ, ರಕ್ತದೊತ್ತಡ ಇವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ನಿಷೇಧಿಸುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಕರಪತ್ರ ಮುದ್ರಿಸಿಕೊಡುವವರು ಉತ್ಸಾಹದಿಂದ ಸೇರಿಸುವ ಒಂದು ಸಾಲು ಇಡೀ ಘಟಕಕ್ಕೆ ಸಂಚಕಾರ ತರಬಹುದು.

ಕೆಲಸಗಾರರ ಆರೋಗ್ಯವೂ ಈ ಲೆಕ್ಕದಲ್ಲಿ ಸೇರಬೇಕು. ಬಲಿತ ಚಿಪ್ಪು ಅಣಬೆಯು ಅಪಾರ ಬೀಜಕಣಗಳನ್ನು ಉದುರಿಸುತ್ತದೆ. ಮುಚ್ಚಿದ ಕೊಠಡಿಯಲ್ಲಿ ಇವು ಉಸಿರಾಟದ ಅಲರ್ಜಿಗೆ ಕಾರಣವಾಗುತ್ತವೆ. ಕೊಡೆಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ಕೊಯ್ದು, ಒಳಗೆ ದುಡಿಯುವವರಿಗೆ ಮುಖಗವಸು ಒದಗಿಸಬೇಕು. ಬೆಳೆ ಮುಗಿದ ಹುಲ್ಲನ್ನು ಎರೆಗೊಬ್ಬರ ಘಟಕಗಳು ಕೊಳ್ಳುತ್ತವೆ. ಹುಲ್ಲಿಗೆ ಶಿಲೀಂಧ್ರನಾಶಕ ಬಳಸಲಾಗಿತ್ತೇ ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ.