ಹೋಂಸ್ಟೇ ವೆಬ್‌ಸೈಟಿನೊಳಗೆ ಮರೆತುಹೋದ ಕಡತ

ಸಿದ್ದಾಪುರದಿಂದ ಕಾವೇರಿ ಸೇತುವೆ ದಾಟಿ ನೆಲ್ಯಹುದಿಕೇರಿಗೆ ಬಂದರೆ ಸುತ್ತೆಲ್ಲ ಕಾಫಿ ತೋಟ, ನಡುನಡುವೆ ಹೋಂಸ್ಟೇ ಬೋರ್ಡುಗಳು. ಬೋರ್ಡಿನಲ್ಲಿ ಫೋನ್ ನಂಬರು, ಅದರ ಕೆಳಗೊಂದು ವೆಬ್‌ಸೈಟ್ ವಿಳಾಸ. ಬೆಂಗಳೂರಿನಿಂದ ಶನಿವಾರ ಹೊರಡುವ ಕುಟುಂಬವೊಂದು ರೂಮಿನ ಫೋಟೋ ನೋಡುವುದು, ದರ ತಿಳಿಯುವುದು, ಮುಂಗಡ ಕಳಿಸುವುದು ಎಲ್ಲಕ್ಕೂ ಆ ವಿಳಾಸವೇ ಮೊದಲ ಮೆಟ್ಟಿಲು. ಮನೆಯಲ್ಲೇ ಕಾಫಿಪುಡಿ, ಕಾಳುಮೆಣಸು ಪ್ಯಾಕ್ ಮಾಡಿ ಮಾರುವವರಿಗೂ ಅಷ್ಟೇ. ಇಂಥ ಸಣ್ಣ ಸೈಟು ಕಟ್ಟುವವರು ಹೆಚ್ಚಾಗಿ ಕೈಹಾಕುವುದು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶಕ್ಕೆ. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ನಡೆಯುತ್ತಿರುವುದು ಅದರ ಮೇಲೆಯೇ.

ಆ ವರ್ಡ್‌ಪ್ರೆಸ್ ಜೊತೆಗೆ ಒಂದು ಕಡತ ತಾನಾಗಿಯೇ ಬಂದು ಕೂತಿರುತ್ತದೆ. ಹೆಸರು ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ. ಸೈಟಿನ ಮಾಲೀಕರಲ್ಲಿ ಹೆಚ್ಚಿನವರು ಅದರ ಹೆಸರನ್ನೇ ಕೇಳಿರುವುದಿಲ್ಲ. ದಾಳಿಕೋರರ ಯಂತ್ರಗಳಿಗೆ ಮಾತ್ರ ಅದು ಚೆನ್ನಾಗಿ ಗೊತ್ತು.

ಕಡತದ ಹುಟ್ಟಿನಲ್ಲಿ ದೋಷವೇನೂ ಇರಲಿಲ್ಲ. 1998ರಲ್ಲಿ ಅಮೆರಿಕದ ಪ್ರೋಗ್ರಾಮರ್ ಡೇವ್ ವೈನರ್ ಮೈಕ್ರೋಸಾಫ್ಟ್ ತಂತ್ರಜ್ಞರ ಜೊತೆ ಸೇರಿ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಸರಳ ವಿಧಾನವನ್ನು ರೂಪಿಸಿದರು. ನಿಮ್ಮ ಕಂಪ್ಯೂಟರು ದೂರದ ಇನ್ನೊಂದು ಕಂಪ್ಯೂಟರಿಗೆ ಒಂದು ಚೀಟಿ ಕಳಿಸುತ್ತದೆ: ಇಂಥ ಕೆಲಸ ಮಾಡು, ಅದಕ್ಕೆ ಬೇಕಾದ ವಿವರ ಇಲ್ಲಿದೆ. ಆ ಕಂಪ್ಯೂಟರು ಕೆಲಸ ಮುಗಿಸಿ ಉತ್ತರ ಕಳಿಸುತ್ತದೆ. ಡಯಲ್-ಅಪ್ ಕಾಲದಲ್ಲಿ ಇದು ದೊಡ್ಡ ಅನುಕೂಲ. ಬರಹವನ್ನು ಇಂಟರ್ನೆಟ್ ಇಲ್ಲದೆಯೇ ಬರೆದಿಟ್ಟು, ಸಂಪರ್ಕ ಸಿಕ್ಕ ಎರಡು ನಿಮಿಷದಲ್ಲಿ ಸೈಟಿಗೆ ಏರಿಸಬಹುದಿತ್ತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ಅದರ ಹಿಂದೆಯೇ ನೆಟ್‌ವರ್ಕು ಹೋಗುವ ಕೊಡಗಿನಂಥ ಕಡೆಗೆ ಹೇಳಿ ಮಾಡಿಸಿದ ಸೌಲಭ್ಯ ಅದು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಇದನ್ನು ಸಹಜವಾಗಿಯೇ ಒಳಗೆ ಸೇರಿಸಿಕೊಂಡಿತು.

ನಡುವೆ ಕೆಲವು ವರ್ಷ, ಬೇಕಾದವರು ಮಾತ್ರ ಇದನ್ನು ಚಾಲೂ ಮಾಡಿಕೊಳ್ಳುವ ವ್ಯವಸ್ಥೆ ಇತ್ತು. ಫೋನಿನಿಂದಲೇ ಸೈಟು ನಡೆಸುವವರು ಹೆಚ್ಚಾದ ಮೇಲೆ, 2012ರ ಡಿಸೆಂಬರಿನಲ್ಲಿ ಬಂದ 3.5ನೇ ಆವೃತ್ತಿ ಅದನ್ನು ಎಲ್ಲರಿಗೂ ಚಾಲೂ ಮಾಡಿಬಿಟ್ಟಿತು. ಬೇಡವೆನ್ನುವ ಗುಂಡಿಯನ್ನು ಸೆಟ್ಟಿಂಗ್ಸ್‌ನಿಂದಲೇ ತೆಗೆದುಹಾಕಿತು. 2016ರ ಡಿಸೆಂಬರಿನ 4.7ನೇ ಆವೃತ್ತಿಯಲ್ಲಿ ಇದೇ ಕೆಲಸಕ್ಕೆ ರೆಸ್ಟ್ ಎಪಿಐ ಎಂಬ ಹೊಸ ದಾರಿ ಬಂತು. ಹಳೆಯ ಆ್ಯಪ್, ಹಳೆಯ ಪ್ಲಗಿನ್‌ಗಳು ಕೆಟ್ಟುಹೋಗಬಾರದೆಂಬ ಕಾಳಜಿಯಿಂದ ಹಳೆಯದನ್ನೂ ಉಳಿಸಿಕೊಳ್ಳಲಾಯಿತು. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆ ತೆರುತ್ತಿರುವವರು ಆ ಸೌಲಭ್ಯವನ್ನು ಒಂದು ದಿನವೂ ಬಳಸದ ಸಣ್ಣ ಸೈಟುಗಳ ಮಾಲೀಕರು.

ಈ ಭಾಗದ ತೋಟದವರಿಗೆ ಆನೆಯ ವಿಷಯ ಹೇಳಿಕೊಡಬೇಕಾಗಿಲ್ಲ. ಮೂರು ಕಡೆ ಕಂದಕ ತೋಡಿ ಸೋಲಾರ್ ಬೇಲಿ ಹಾಕಿದರೂ, ನಾಲ್ಕನೆಯ ಕಡೆ ಹಳೆಯ ಜೀಪಿನ ದಾರಿ ಹಾಗೇ ಬಿಟ್ಟಿದ್ದರೆ ಹಿಂಡು ಬರುವುದು ಅಲ್ಲಿಂದಲೇ. ವೆಬ್‌ಸೈಟಿನಲ್ಲಿ ನಡೆಯುವುದೂ ಇದೇ. ಲಾಗಿನ್ ಪುಟಕ್ಕೆ ಕ್ಯಾಪ್ಚಾ ಹಾಕಿಸಿರುತ್ತೀರಿ, ಐದು ಸಲ ತಪ್ಪಾದರೆ ತಡೆಯುವ ಪ್ಲಗಿನ್ ಹಾಕಿಸಿರುತ್ತೀರಿ, ಫೋನಿಗೆ ಓಟಿಪಿ ಬರುವಂತೆಯೂ ಮಾಡಿರುತ್ತೀರಿ. ಎಕ್ಸ್‌ಎಂಎಲ್‌ಆರ್‌ಪಿಸಿ ಕಡತಕ್ಕೆ ಕಳಿಸುವ ಚೀಟಿಯಲ್ಲೂ ಬಳಕೆದಾರರ ಹೆಸರು, ಪಾಸ್‌ವರ್ಡ್ ಬರೆಯಬಹುದು. ಅದು ಸರಿಯೋ ತಪ್ಪೋ ಎಂದು ಸೈಟು ಉತ್ತರಿಸುತ್ತದೆ. ಅಲ್ಲಿ ಕ್ಯಾಪ್ಚಾ ಚಿತ್ರ ತೋರಿಸಲು ಪುಟವೇ ಇಲ್ಲ. ಓಟಿಪಿ ಕೇಳುವ ಪ್ಲಗಿನ್‌ಗಳೆಲ್ಲವೂ ಈ ಕಡೆಯನ್ನು ಕಾಯುವುದಿಲ್ಲ.

ಈ ದುರ್ಬಳಕೆಯ ಅತ್ಯಂತ ಚಾಲಾಕಿ ರೂಪ ಕಂಡದ್ದು 2015ರ ಅಕ್ಟೋಬರಿನಲ್ಲಿ. ಅದನ್ನು ಬಯಲಿಗೆ ತಂದದ್ದು ಸುಕುರಿ ಎಂಬ ಭದ್ರತಾ ಸಂಸ್ಥೆ. ಎಕ್ಸ್‌ಎಂಎಲ್-ಆರ್‌ಪಿಸಿಯಲ್ಲಿ ಸಿಸ್ಟಂ ಡಾಟ್ ಮಲ್ಟಿಕಾಲ್ ಎಂಬ ಆದೇಶವಿದೆ. ಹಲವು ಕೆಲಸಗಳನ್ನು ಒಂದೇ ಚೀಟಿಯಲ್ಲಿ ಬರೆದು ಕಳಿಸಲು, ಅಂದರೆ ನಿಧಾನದ ಸಂಪರ್ಕದಲ್ಲಿ ಹೋಗಿ ಬರುವ ಸಮಯ ಉಳಿಸಲು ಮಾಡಿದ್ದು. ದಾಳಿಕೋರರು ಇದರೊಳಗೆ ನೂರಾರು ಲಾಗಿನ್ ಪ್ರಯತ್ನಗಳನ್ನು ತುಂಬಿದರು. ಹತ್ತಿರದಿಂದ ನೋಡಿದರೆ ಚೀಟಿ ಹೀಗಿರುತ್ತದೆ: ಮೊದಲ ಸಾಲಿನಲ್ಲಿ ಬಳಕೆದಾರ ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್123. ಎರಡನೆಯದರಲ್ಲಿ ಅಡ್ಮಿನ್, ಕೂರ್ಗ್123. ಮೂರನೆಯದರಲ್ಲಿ ಅಡ್ಮಿನ್, ಕಾಫಿ@2015. ಹೀಗೆಯೇ ಪಟ್ಟಿ ಮುಂದುವರಿಯುತ್ತದೆ. ಸೈಟು ಪ್ರತಿಯೊಂದನ್ನೂ ಪರೀಕ್ಷಿಸಿ, ಅಷ್ಟಕ್ಕೂ ಉತ್ತರವನ್ನು ಒಂದೇ ಕಂತೆಯಲ್ಲಿ ವಾಪಸು ಕೊಡುತ್ತಿತ್ತು. ಹೊರಗೆ ಕಾವಲು ಕೂತ ತಂತ್ರಾಂಶದ ಲೆಕ್ಕಕ್ಕೆ ಬಂದದ್ದು ಒಂದೇ ಒಂದು ಭೇಟಿ. ಮೂರು ನಾಲ್ಕು ಭೇಟಿಗಳಲ್ಲೇ ಸಾವಿರಾರು ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿಬಿಡಬಹುದಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 4.4ನೇ ಆವೃತ್ತಿ ಇದಕ್ಕೆ ಕಡಿವಾಣ ಹಾಕಿತು. ಒಂದು ಚೀಟಿಯಲ್ಲಿ ಮೊದಲ ಪಾಸ್‌ವರ್ಡ್ ತಪ್ಪಾದರೆ, ಅದರಲ್ಲಿರುವ ಉಳಿದ ಲಾಗಿನ್ ಪ್ರಯತ್ನಗಳೆಲ್ಲ ತಾನಾಗಿಯೇ ವಿಫಲ. ಆದರೆ ಈ ತಿದ್ದುಪಡಿ ಸಿಗುವುದು ಅಪ್‌ಡೇಟ್ ಆದ ಸೈಟಿಗೆ. ಸೈಟು ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಯಾರೂ ಮುಟ್ಟದೆ ಬಿಟ್ಟ ಸೈಟಿಗೆ ಆ ಭಾಗ್ಯವಿಲ್ಲ. ಇನ್ನು ಅಪ್‌ಡೇಟ್ ಆದ ಸೈಟಿನಲ್ಲೂ ಒಂದೊಂದೇ ಚೀಟಿಯಲ್ಲಿ ಒಂದೊಂದು ಪಾಸ್‌ವರ್ಡ್ ಹಾಕಿ ತಟ್ಟುತ್ತಲೇ ಇರಬಹುದು. ಪ್ರತಿ ಪರೀಕ್ಷೆಗೂ ಸರ್ವರ್ ಡೇಟಾಬೇಸ್ ತೆರೆಯಬೇಕು, ಪಾಸ್‌ವರ್ಡನ್ನು ಗೂಢಗಣಿತದಲ್ಲಿ ಹಾಯಿಸಬೇಕು. ಆ ಗಣಿತವನ್ನು ಬೇಕೆಂದೇ ನಿಧಾನವಾಗಿರುವಂತೆ ಮಾಡಿರುತ್ತಾರೆ. ವರ್ಷಕ್ಕೆ ಎರಡು ಮೂರು ಸಾವಿರ ರೂಪಾಯಿಯ ಹೋಸ್ಟಿಂಗ್‌ನಲ್ಲಿ, ನೂರಾರು ಸೈಟುಗಳ ಜೊತೆ ಒಂದೇ ಯಂತ್ರ ಹಂಚಿಕೊಂಡಿರುವ ಸೈಟು ಇಷ್ಟಕ್ಕೇ ಏದುಸಿರು ಬಿಡುತ್ತದೆ. ಪಾಸ್‌ವರ್ಡ್ ಒಡೆಯದಿದ್ದರೂ ಪುಟ ತೆರೆಯಲು ಅರ್ಧ ನಿಮಿಷ. ಅಷ್ಟರಲ್ಲಿ ರೂಮ್ ಹುಡುಕುವವರು ಪಕ್ಕದ ಸೈಟಿಗೆ ಹೋಗಿರುತ್ತಾರೆ.

"ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ನಮ್ಮ ಸೈಟಿನಿಂದ ಯಾರಿಗೇನು ಲಾಭ?" ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ದಾಳಿ ಮಾಡುವ ಪ್ರೋಗ್ರಾಂ ನೆಲ್ಯಹುದಿಕೇರಿಯನ್ನು ಆರಿಸಿಕೊಂಡು ಬರುವುದಿಲ್ಲ. ವಿಳಾಸಗಳ ಉದ್ದ ಪಟ್ಟಿ ಹಿಡಿದು ಒಂದೊಂದನ್ನೇ ತಟ್ಟುತ್ತಾ ಹೋಗುತ್ತದೆ. ಅದಕ್ಕೆ ಬೇಕಾದದ್ದು ನಿಮ್ಮ ಸರ್ವರಿನ ಶಕ್ತಿ, ಮತ್ತು ನಿಮ್ಮ ವಿಳಾಸಕ್ಕೆ ಗೂಗಲ್‌ನಲ್ಲಿ ಬಂದಿರುವ ಒಳ್ಳೆಯ ಹೆಸರು. ಒಳಗೆ ಹೊಕ್ಕವರು ಸಾಮಾನ್ಯವಾಗಿ ಜೂಜಿನ ಆ್ಯಪ್, ನಕಲಿ ಔಷಧಿಗಳ ಲಿಂಕುಗಳನ್ನು ನಿಮ್ಮ ಪುಟಗಳಲ್ಲಿ ಹುದುಗಿಸುತ್ತಾರೆ. ನೀವು ನೋಡಿದರೆ ಸೈಟು ಎಂದಿನಂತೆಯೇ. ಗೂಗಲ್‌ನಲ್ಲಿ ಹುಡುಕಿದವರಿಗೆ ಹೋಂಸ್ಟೇ ಹೆಸರಿನ ಕೆಳಗೆ ಅವರು ಹುದುಗಿಸಿದ ಜಾಹೀರಾತು, ಕೆಲವೊಮ್ಮೆ ಜಪಾನಿ ಅಕ್ಷರಗಳು. ಕೊನೆಗೊಂದು ದಿನ ಬ್ರೌಸರು ಕೆಂಪು ಪರದೆ ತೋರಿಸಿ ಬಂದವರನ್ನು ಹಿಂದಕ್ಕೆ ಕಳಿಸುತ್ತದೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಇನ್ನೊಂದು ಸಾಧ್ಯತೆ. ಮುಂಗಡ ಕಟ್ಟಲು ಸೈಟಿನಲ್ಲಿ ಹಾಕಿರುವ ಕ್ಯೂಆರ್ ಚಿತ್ರ ಬರೀ ಒಂದು ಫೋಟೋ. ಅಡ್ಮಿನ್ ಪಾಸ್‌ವರ್ಡ್ ಸಿಕ್ಕವನಿಗೆ ಅದನ್ನು ಬದಲಿಸಲು ಒಂದು ನಿಮಿಷ ಸಾಕು. ಅತಿಥಿ ದುಡ್ಡು ಕಳಿಸುತ್ತಾನೆ, ಮಾಲೀಕರಿಗೆ ತಲುಪುವುದಿಲ್ಲ, ಇಬ್ಬರೂ ಪರಸ್ಪರರನ್ನೇ ಅನುಮಾನಿಸುತ್ತಾರೆ. ಹಣ ಕಟ್ಟುವ ಕ್ಯೂಆರ್ ಚಿತ್ರವನ್ನು ಸೈಟಿನಲ್ಲಿ ಹಾಕದೆ, ಫೋನಿನಲ್ಲಿ ಮಾತಾಡಿದ ಮೇಲೆ ಕಳಿಸುವುದೇ ಕ್ಷೇಮ.

ಇದೇ ಕಡತದ ಮೂಲಕ ನಿಮ್ಮ ಸೈಟನ್ನೇ ಆಯುಧ ಮಾಡಿಕೊಳ್ಳುವ ದಾರಿಯೂ ಇದೆ. ಒಂದು ಸೈಟು ಇನ್ನೊಂದು ಸೈಟಿನ ಬರಹಕ್ಕೆ ಲಿಂಕ್ ಕೊಟ್ಟರೆ ಆ ಸುದ್ದಿಯನ್ನು ಮುಟ್ಟಿಸುವ ಪಿಂಗ್‌ಬ್ಯಾಕ್ ಎಂಬ ಪದ್ಧತಿ 2002ರಿಂದ ಇದೆ. ಸುದ್ದಿ ಬಂದಾಗ ವರ್ಡ್‌ಪ್ರೆಸ್, ಲಿಂಕ್ ನಿಜವಾಗಿಯೂ ಇದೆಯೇ ಎಂದು ಆ ಪುಟಕ್ಕೆ ಹೋಗಿ ನೋಡುತ್ತದೆ. ದಾಳಿಕೋರ ಸುಳ್ಳು ಸುದ್ದಿ ಕೊಡುತ್ತಾನೆ, ತಾನು ಕೆಡವಬೇಕಾದ ಸೈಟಿನ ವಿಳಾಸ ಹೇಳುತ್ತಾನೆ. ನಿಮ್ಮ ಸೈಟು ಪಾಪ, ಪರೀಕ್ಷಿಸಲು ಅಲ್ಲಿಗೆ ಓಡುತ್ತದೆ. ಇದೇ ಸುಳ್ಳನ್ನು ಸಾವಿರಾರು ಸೈಟುಗಳಿಗೆ ಒಮ್ಮೆಗೇ ಹೇಳಿದರೆ? 2014ರ ಮಾರ್ಚಿನಲ್ಲಿ ಸುಕುರಿ ವರದಿ ಮಾಡಿದ ದಾಳಿಯಲ್ಲಿ 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಸೈಟುಗಳು ಒಂದೇ ಸೈಟಿನ ಮೇಲೆ ಹೀಗೆ ಮುಗಿಬಿದ್ದಿದ್ದವು. ಪ್ರತಿ ಭೇಟಿಯ ವಿಳಾಸಕ್ಕೂ ಬೇರೆ ಬೇರೆ ಅಂಕಿ ಅಂಟಿಸಿದ್ದರಿಂದ, ಮೊದಲೇ ಸಿದ್ಧ ಮಾಡಿಟ್ಟ ಪ್ರತಿಯನ್ನು ಕೊಟ್ಟು ಕಳಿಸಲಾಗದೆ ಸರ್ವರ್ ಪ್ರತಿ ಸಲವೂ ಪುಟವನ್ನು ಹೊಸದಾಗಿ ಕಟ್ಟಬೇಕಾಯಿತು. ಆ ಸೈಟುಗಳ ಮಾಲೀಕರು ಯಾರೂ ತಪ್ಪು ಮಾಡಿರಲಿಲ್ಲ, ಅವರ ಪಾಸ್‌ವರ್ಡೂ ಕಳುವಾಗಿರಲಿಲ್ಲ. ಪಿಂಗ್‌ಬ್ಯಾಕ್ ತೆರೆದಿರುವ ಒಂದು ಬರಹ ಇದ್ದರೂ ಇದಕ್ಕೆ ಸಾಕು. ವರ್ಡ್‌ಪ್ರೆಸ್ ಹಾಕಿದ ದಿನವೇ ಬಂದು ಕೂರುವ "ಹಲೋ ವರ್ಲ್ಡ್" ಎಂಬ ಮಾದರಿ ಬರಹ ಅಳಿಸದೆ ಉಳಿದ ಸೈಟುಗಳು ಎಷ್ಟಿಲ್ಲ!

ನಿಮ್ಮ ಸೈಟಿನಲ್ಲಿ ಈ ಕಡತ ತೆರೆದಿದೆಯೇ ಎಂದು ನೀವೇ ನೋಡಬಹುದು. ಬ್ರೌಸರಿನಲ್ಲಿ ಸೈಟಿನ ವಿಳಾಸ ಬರೆದು, ಒಂದು ಓರೆಗೆರೆ ಹಾಕಿ, ಮುಂದೆ ಈ ಕಡತದ ಹೆಸರು ಸೇರಿಸಿ. ಪೋಸ್ಟ್ ಕೋರಿಕೆಗಳನ್ನಷ್ಟೇ ಸ್ವೀಕರಿಸುತ್ತೇನೆ ಎಂಬರ್ಥದ ಒಂದೇ ಸಾಲಿನ ಇಂಗ್ಲಿಷ್ ಬಂದರೆ ಅದು ಎಚ್ಚರವಾಗಿದೆ ಎಂದರ್ಥ. 403, ಫರ್ಬಿಡನ್ ಎಂದು ಬಂದರೆ ಮುಚ್ಚಿದೆ. ಹೋಸ್ಟಿಂಗ್‌ನ ಸಿಪ್ಯಾನೆಲ್‌ನಲ್ಲಿ ಸಿಗುವ ಆ್ಯಕ್ಸೆಸ್ ಲಾಗ್ ತೆರೆದು ನೋಡಿದರೆ ತಟ್ಟಿದವರ ಗುರುತೂ ಸಿಗುತ್ತದೆ. ಒಂದೊಂದು ಸಾಲಿನಲ್ಲೂ ಐಪಿ ವಿಳಾಸ, ಸಮಯ, ಪೋಸ್ಟ್ ಎಂಬ ಪದ, ಈ ಕಡತದ ಹೆಸರು, ಅದರ ನಂತರ 200 ಎಂಬ ಅಂಕಿ. 200 ಎಂದರೆ ಎಲ್ಲ ಸರಿಯಾಗಿದೆ ಎಂಬ ಸಂಕೇತ. ಇಲ್ಲಿ ಮೋಸ ಹೋಗಬಾರದು: ಪಾಸ್‌ವರ್ಡ್ ತಪ್ಪಾದಾಗಲೂ ಈ ಕಡತ ಹೊರಗೆ 200 ಎಂದೇ ಹೇಳಿ, ತಪ್ಪನ್ನು ಉತ್ತರದ ಒಳಗೆ ಬರೆಯುತ್ತದೆ. ಲಾಗ್‌ನಲ್ಲಿ ಸೋಲೂ ಗೆಲುವೂ ಒಂದೇ ಥರ ಕಾಣುತ್ತವೆ.

ಮುಚ್ಚುವುದರಲ್ಲೂ ಒಂದು ಸೂಕ್ಷ್ಮವಿದೆ. ಎಕ್ಸ್‌ಎಂಎಲ್-ಆರ್‌ಪಿಸಿ ನಿಲ್ಲಿಸುತ್ತೇವೆ ಎನ್ನುವ ಕೆಲವು ಪ್ಲಗಿನ್‌ಗಳು ವರ್ಡ್‌ಪ್ರೆಸ್‌ನ ಒಳಗಿನ ಒಂದು ಸ್ವಿಚ್ಚನ್ನಷ್ಟೇ ಆರಿಸುತ್ತವೆ. ಅದರಿಂದ ಪಾಸ್‌ವರ್ಡ್ ಬೇಕಾಗುವ ಆದೇಶಗಳು ನಿಲ್ಲುತ್ತವೆ. ಪಾಸ್‌ವರ್ಡೇ ಬೇಡದ ಪಿಂಗ್‌ಬ್ಯಾಕ್ ಹಾಗೇ ಉಳಿಯುತ್ತದೆ. ಆದ್ದರಿಂದ ಕೋರಿಕೆ ವರ್ಡ್‌ಪ್ರೆಸ್ ತಲುಪುವ ಮೊದಲೇ, ಸರ್ವರ್ ಮಟ್ಟದಲ್ಲಿ ತಡೆಯುವುದು ಒಳ್ಳೆಯದು. ಅಪಾಚೆ ಸರ್ವರಿನಲ್ಲಾದರೆ ಎಚ್‌ಟಿಆ್ಯಕ್ಸೆಸ್ ಎಂಬ ಕಡತದಲ್ಲಿ ಮೂರು ಸಾಲು ಬರೆದರೆ ಆಯಿತು. ಕೈಹಾಕಲು ಅಂಜುವವರು ಹೋಸ್ಟಿಂಗ್‌ನವರಿಗೆ ಒಂದು ಟಿಕೆಟ್ ಬರೆದರೆ ಅವರೇ ಮಾಡಿಕೊಡಬಲ್ಲರು. ಕಡತವನ್ನೇ ಅಳಿಸಿಹಾಕಿದರೆ ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ತಂದಿಡುತ್ತದೆ. ಮುಚ್ಚುವ ಮುನ್ನ ಒಂದು ವಿಚಾರಣೆ ಬೇಕು: ಜೆಟ್‌ಪ್ಯಾಕ್ ಪ್ಲಗಿನ್, ವರ್ಡ್‌ಪ್ರೆಸ್‌ನ ಹಳೆಯ ಮೊಬೈಲ್ ಆ್ಯಪ್ ಇವನ್ನು ಬಳಸುತ್ತಿದ್ದರೆ ಅವು ಇದೇ ದಾರಿಯನ್ನು ನಂಬಿರುತ್ತವೆ. ಬೇರೆ ತಂತ್ರಾಂಶದಿಂದ ಸೈಟನ್ನು ನಡೆಸಲೇಬೇಕಾದವರಿಗೆ 2020ರ ಡಿಸೆಂಬರಿನಲ್ಲಿ 5.6ನೇ ಆವೃತ್ತಿಯೊಂದಿಗೆ ಬಂದ ಅಪ್ಲಿಕೇಶನ್ ಪಾಸ್‌ವರ್ಡ್ ಇದೆ. ಪ್ರತಿ ಆ್ಯಪಿಗೂ ಬೇರೆ ಪಾಸ್‌ವರ್ಡ್ ಕೊಟ್ಟು, ಬೇಡವಾದಾಗ ಅದೊಂದನ್ನೇ ರದ್ದು ಮಾಡಬಹುದು.

ಲಾಗಿನ್ ಹೆಸರು ಅಡ್ಮಿನ್ ಎಂದೇ ಇದ್ದರೆ ಬದಲಿಸಿ. ಸೈಟಿಗೆ ಕಡತಗಳನ್ನು ಏರಿಸಲು ಬಳಸುವ ಎಫ್‌ಟಿಪಿಯನ್ನೂ ಇಂಥ ಹಳೆಯ ದಾರಿಗಳ ಸಾಲಿಗೆ ಸೇರಿಸಬೇಕು. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್ 1971ರಲ್ಲಿ ಅದನ್ನು ರೂಪಿಸಿದಾಗ ಜಾಲದಲ್ಲಿದ್ದ ಕಂಪ್ಯೂಟರುಗಳೇ ಬೆರಳೆಣಿಕೆಯವು. ಪಾಸ್‌ವರ್ಡನ್ನು ಮುಚ್ಚಿ ಕಳಿಸುವ ಅಗತ್ಯ ಕಾಣಲಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ಕೈಬಿಟ್ಟಿವೆ. ಹೋಸ್ಟಿಂಗ್‌ಗಳಲ್ಲಿ ಇನ್ನೂ ಸಿಗುತ್ತದೆ. ಬದಲಿಗೆ ಎಸ್‌ಎಫ್‌ಟಿಪಿ ಬಳಸಿ. ಮಾಡಿಕೊಟ್ಟ ಹುಡುಗನ ಕೈಯಲ್ಲೇ ಡೊಮೇನ್, ಹೋಸ್ಟಿಂಗ್, ಅಡ್ಮಿನ್ ಮೂರರ ಪಾಸ್‌ವರ್ಡೂ ಉಳಿದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ ಇಸಿದುಕೊಳ್ಳಿ. ಅವನ ಮೇಲೆ ಅನುಮಾನವಿದ್ದು ಹೇಳುತ್ತಿಲ್ಲ. ತೊಂದರೆಯಾದ ದಿನ ಅವನು ಫೋನಿಗೆ ಸಿಗಬೇಕಲ್ಲ.

ಆಗಲೇ ಒಳಗೆ ಹೊಕ್ಕಿದ್ದಾರೆ ಎನ್ನಿಸಿದರೆ ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಫೋಟೋ ಮಾತ್ರ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತಗಳಿದ್ದರೆ ಅವು ಮತ್ತೆ ಬರಲು ಇಟ್ಟುಹೋದವೇ ಇರಬೇಕು. ಡಬ್ಲ್ಯೂಪಿ-ಕಾನ್ಫಿಗ್ ಕಡತದಲ್ಲಿರುವ ಗೂಢಕೀಲಿಗಳನ್ನು ಬದಲಿಸಿದರೆ ಲಾಗಿನ್ ಆಗಿ ಕೂತವರೆಲ್ಲ ಒಮ್ಮೆಗೇ ಹೊರಬೀಳುತ್ತಾರೆ. ಸ್ವಚ್ಛ ಮಾಡುವ ಮೊದಲು ಲಾಗ್‌ಗಳ ಪ್ರತಿ ತೆಗೆದಿಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಸೇವಾದಾರ ಕಂಪನಿಗಳು 180 ದಿನಗಳ ಲಾಗ್ ಉಳಿಸಿಕೊಂಡಿರಬೇಕು, ಕೇಳಲು ಹಿಂಜರಿಯಬೇಡಿ. ಅತಿಥಿಯ ದುಡ್ಡು ಬೇರೆ ಖಾತೆಗೆ ಹೋಗಿದ್ದರೆ ತಡಮಾಡದೆ ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಿಗುವ ಸಮಯ ಬಹಳ ಕಡಿಮೆ. ಸೈಟು ಸ್ವಚ್ಛವಾದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಮರುಪರಿಶೀಲನೆ ಕೋರಿ. ಕೆಂಪು ಪರದೆ ತೆಗೆಸಲು ಅದೇ ದಾರಿ.